ಕುಂಡೆ ಎಳೆಯುವ ನಾಯಿಗೆಲ್ಲ ಹುಳದ ಮದ್ದಲ್ಲ

"ಡಾಕ್ಟ್ರೇ, ನಾಯಿ ಕುಂಡೆ ಎಳೀತಾ ಉಂಟು. ಹುಳದ ಮಾತ್ರೆ ಒಂದು ಹೇಳಿ." ಬದಿಯಡ್ಕದ ನನ್ನ ಕ್ಲಿನಿಕ್ಕಿಗೆ ಇಂಥ ಫೋನು ಬರುತ್ತಲೇ ಇರುತ್ತದೆ. ಹುಳ ಇರಲಾರದು ಅಂತಲ್ಲ. ಬಾಲದ ಬುಡದ ಕೂದಲಲ್ಲಿ ಬೆಳ್ತಿಗೆ ಅಕ್ಕಿಯ ಕಾಳಿನಂಥದ್ದು ಅಂಟಿಕೊಂಡಿದ್ದರೆ ಅದು ಲಾಡಿಹುಳದ ತುಂಡು. ಚಿಗಟ ನುಂಗಿ ಬಂದದ್ದು. ಹುಳದ ಮಾತ್ರೆಯ ಜೊತೆ ಚಿಗಟಕ್ಕೂ ಮದ್ದು ಬೇಕು. ಆದರೆ ಮಾತ್ರೆ ಕೊಟ್ಟ ಮೇಲೂ ಅಡಕೆ ಹರವಿದ ಅಂಗಳದ ತುಂಬ ನಾಯಿ ಹಿಂಬದಿ ಉಜ್ಜುತ್ತಾ ಹೋಗುತ್ತಿದ್ದರೆ, ಇನ್ನೊಂದು ಮಾತ್ರೆ ತರುವ ಬದಲು ನಾಯಿಯನ್ನೇ ಕರೆದುಕೊಂಡು ಬನ್ನಿ ಅನ್ನುತ್ತೇನೆ.

ಮಲದ್ವಾರದ ಎರಡು ಬದಿಯಲ್ಲಿ, ಗಡಿಯಾರದ 4 ಮತ್ತು 8 ಗಂಟೆಯ ಜಾಗದಲ್ಲಿ, ಚರ್ಮದ ಅಡಿಗೆ ಒಂದೊಂದು ಪುಟ್ಟ ಚೀಲ ಇರುತ್ತದೆ. ಒಳಗೆ ಮೀನಿನ ನಾತದ ರಸ. ಮಲ ಸರಿಯಾಗಿ ಗಟ್ಟಿ ಇದ್ದರೆ ಹೊರಬರುವಾಗ ಚೀಲವನ್ನು ಒತ್ತಿ ರಸ ತಾನಾಗಿ ಖಾಲಿಯಾಗುತ್ತದೆ. ಮಲ ಸದಾ ಮೆತ್ತಗಿದ್ದರೆ, ಮೈಯಲ್ಲಿ ಕೊಬ್ಬು ಜಾಸ್ತಿಯಾದರೆ, ಚರ್ಮದ ಅಲರ್ಜಿ ಇದ್ದರೆ ರಸ ಒಳಗೇ ಉಳಿದು ದಪ್ಪವಾಗುತ್ತದೆ, ನಾಯಿ ಕುಂಡೆ ಎಳೆಯತೊಡಗುತ್ತದೆ. ಆಮೇಲೆ ಸೋಂಕು, ಕೀವು. ಕೊನೆಗೆ ಪಕ್ಕದ ಚರ್ಮವೇ ಒಡೆಯುತ್ತದೆ. ಸಣ್ಣ ಜಾತಿಯ ನಾಯಿಗಳಲ್ಲಿ ಇದು ಹೆಚ್ಚು.

ಚೀಲ ಒತ್ತಿ ಖಾಲಿ ಮಾಡಲು ನಾನು ಮಾಡುವ ಕ್ರಮ ಹೀಗೆ. ಎಷ್ಟೇ ಪಾಪದ ನಾಯಿಯಾದರೂ ಮೊದಲು ಬಾಯಿಗೆ ಬ್ಯಾಂಡೇಜಿನ ಕಟ್ಟು. ಮನೆಯವರು ತಲೆ ಹಿಡಿದುಕೊಳ್ಳಬೇಕು, ಸಹಾಯಕ ಹೊಟ್ಟೆಯಡಿಗೆ ಕೈ ಕೊಡುತ್ತಾನೆ. ಕೈಗೆ ಗ್ಲೌಸು, ತೋರುಬೆರಳಿಗೆ ಜೆಲ್ಲಿ. ಬೆರಳು ಮಲದ್ವಾರದ ಒಳಗೆ, ಹೆಬ್ಬೆರಳು ಹೊರಗೆ, ನಡುವೆ ಚೀಲ ಸಿಗುತ್ತದೆ. ಒತ್ತುವುದು ಚೀಲದ ಬುಡದಿಂದ ಚೀಲದ ಬಾಯಿಯ ಕಡೆಗೆ, ನಿಧಾನಕ್ಕೆ. ಎದುರಿಗೆ ಹತ್ತಿ ಹಿಡಿದು, ಮುಖ ಪಕ್ಕಕ್ಕೆ ಇಟ್ಟುಕೊಂಡೇ ಒತ್ತಬೇಕು. ಆ ರಸ ಅಂಗಿಗೆ ಹಾರಿದರೆ ಆವತ್ತು ಬಸ್ಸಿನಲ್ಲಿ ನಿಮ್ಮ ಪಕ್ಕ ಯಾರೂ ಕೂರುವುದಿಲ್ಲ.

ಹತ್ತಿಯಲ್ಲಿ ಬಂದದ್ದನ್ನು ಸುಮ್ನೆ ಎಸೆಯುವುದಿಲ್ಲ. ತೆಳ್ಳಗೆ, ಹಳದಿ ಕಂದು ಬಣ್ಣ ಇದ್ದರೆ ಚೀಲ ಚೆನ್ನಾಗಿಯೇ ಇದೆ, ತುರಿಕೆಗೆ ಬೇರೆ ಕಾರಣ ಹುಡುಕಬೇಕು. ಕಡುಕಂದು, ಒತ್ತಿದರೆ ದಾರದ ಎಳೆಯಾಗಿ ಬಂದರೆ ಕಟ್ಟಿಕೊಂಡಿದೆ. ರಕ್ತ, ಕೀವು ಕಂಡರೆ ಸೋಂಕು. ಖಾಲಿ ಮಾಡಿದ ಮೇಲೆ ಚೀಲದ ಗೋಡೆಯನ್ನು ಇನ್ನೊಮ್ಮೆ ಮುಟ್ಟಿ ನೋಡುತ್ತೇನೆ, ಗಂಟು ಏನಾದರೂ ಉಂಟಾ ಅಂತ. ಒತ್ತಿದರೂ ಬಾರದಿದ್ದರೆ ಬಲ ಹಾಕುವುದಿಲ್ಲ, ಒಳಗೇ ಒಡೆಯಬಹುದು. ಮಂಪರು ಕೊಟ್ಟು, ಸಪೂರ ನಳಿಗೆಯಲ್ಲಿ ಸಲೈನ್ ಬಿಟ್ಟು ತೊಳೆದು, ಅದೇ ದಾರಿಯಲ್ಲಿ ಮುಲಾಮು ತುಂಬುತ್ತೇನೆ.

ಪೆರ್ಲ ಕಡೆಯಿಂದ ಒಂದು ಪೊಮೆರೇನಿಯನ್ ಬಂದಿತ್ತು. ಬಾಲದ ಕೆಳಗೆ ಒಂದು ಬದಿ ಕೆಂಪಾಗಿ ಉಬ್ಬಿ ಬಿಸಿಯಾಗಿತ್ತು. ಬೇರೆ ನಾಯಿ ಕಚ್ಚಿದ್ದು ಅಂತ ಮನೆಯವರು ಅರಸಿನ, ಬೇವಿನೆಣ್ಣೆ ಹಚ್ಚಿದ್ದರು. ನೋಡಿದರೆ ಚೀಲವೇ ಕೀವು ಕಟ್ಟಿತ್ತು. ಮಂಪರು ಕೊಟ್ಟು ಕೊಯ್ದು ಕೀವು ಇಳಿಸಿ ತೊಳೆದೆ. "ಹೊಲಿಗೆ ಹಾಕುವುದಿಲ್ವಾ ಅಕ್ಕಾ?" ಅಂತ ಅವರಿಗೆ ಗಾಬರಿ. ಹಾಕಬಾರದು, ಕೀವು ಹೊರಗೆ ಹೋಗಲು ದಾರಿ ಬೇಕಲ್ವಾ? ನೋವಿನ ಮದ್ದು, ಆಂಟಿಬಯೋಟಿಕ್, ನೆಕ್ಕದಂತೆ ಕುತ್ತಿಗೆಗೆ ಕಾಲರ್, ದಿನಕ್ಕೆ 2-3 ಸಲ ಉಗುರು ಬೆಚ್ಚಗಿನ ಬಟ್ಟೆಯ ಶಾಖ. ನಮ್ಮ ಮಳೆಗಾಲದಲ್ಲಿ ತೆರೆದ ಗಾಯಕ್ಕೆ ನೊಣ ಕೂತು ಹುಳ ಬೀಳುವುದು ಬೇಗ, ಹಾಗಾಗಿ ನಾಯಿಯನ್ನು ಚಾವಡಿಯಲ್ಲೇ ಇಟ್ಟುಕೊಳ್ಳಿ ಅಂದೆ. ವಾಸಿಯಾಯಿತು.

ಬೆಕ್ಕುಗಳಲ್ಲಿ ಇದು ಕಡಿಮೆ. ಬಂದರೂ ಎಲ್ಲ ಬೆಕ್ಕೂ ನೆಲಕ್ಕೆ ಉಜ್ಜುವುದಿಲ್ಲ. ಬಾಲದ ಬುಡವನ್ನು ಕೂದಲು ಹೋಗುವಷ್ಟು ನೆಕ್ಕುತ್ತದೆ, ಇಲ್ಲವೇ ಒಡೆದ ಗಾಯ ಕಂಡಾಗಲೇ ಗೊತ್ತಾಗುವುದು. ಪಾಪ, ನೋಯ್ತಾ ಉಂಟು ಅಂತ ಪ್ಯಾರಾಸಿಟಮಾಲ್ ಕೊಟ್ಟುಬಿಡಬೇಡಿ ಮಾರಾಯ್ರೇ. ಬೆಕ್ಕಿಗೆ ಅದು ವಿಷ, ಒಂದೇ ಮಾತ್ರೆ ಜೀವ ತೆಗೆಯಬಹುದು.

ಈಗೀಗ ಸ್ನಾನದ ಜೊತೆ ಪ್ರತಿ ತಿಂಗಳೂ ಚೀಲ ಹಿಂಡಿಸುವ ಅಭ್ಯಾಸ ಬಂದಿದೆ. ನನಗೆ ಅದು ಇಷ್ಟವಿಲ್ಲ. ತೊಂದರೆ ಇಲ್ಲದ ಚೀಲವನ್ನು ಹಿಂಡಿ ಹಿಂಡಿ ಊತ ಬರಿಸುವುದು ಯಾಕೆ? ಅದಕ್ಕಿಂತ ನಾಯಿಯ ತಟ್ಟೆ ನೋಡಿ. ಚಾ ಹೊತ್ತಿನ ಬಿಸ್ಕೆಟ್ ಬಿಡಿಸಿ, ತೂಕ ಇಳಿಸಿ. ಗಂಜಿಯ ಜೊತೆ ಉಪ್ಪು ಖಾರ ಹಾಕದೆ ಬೇಯಿಸಿದ ಚೀನಿಕಾಯಿ (ಸಿಹಿಕುಂಬಳ) ಸ್ವಲ್ಪ ಕಲಸಿದರೆ ನಾರಿನ ಅಂಶ ಸಿಕ್ಕಿ ಮಲ ಗಟ್ಟಿಯಾಗುತ್ತದೆ. ಕುಂಡೆ ಎಳೆಯುವುದರ ಜೊತೆ ಪಾದ ನೆಕ್ಕುವುದು, ಕಿವಿ ಕೆರೆಯುವುದೂ ಇದ್ದರೆ ಅಲರ್ಜಿಗೆ ಮದ್ದು ಮಾಡದೆ ಚೀಲ ಸರಿಯಾಗದು.

ಇಷ್ಟಾದರೂ ಮತ್ತೆ ಮತ್ತೆ ಬಂದರೆ ಚೀಲ ತೆಗೆಸಬಹುದು. ಊತ ಇಳಿದ ಮೇಲೆ, ಕೈ ಪಳಗಿದ ಸರ್ಜನ್ ಹತ್ತಿರವೇ. ಪಕ್ಕದ ನರಕ್ಕೆ ಪೆಟ್ಟಾದರೆ ಮಲದ ಹಿಡಿತ ತಪ್ಪುವ ಅಪಾಯ ಇದೆ ಅಂತ ಮೊದಲೇ ಹೇಳಿಬಿಡುತ್ತೇನೆ. ಪ್ರಾಯದ ನಾಯಿಯಲ್ಲಿ ಒಂದೇ ಬದಿ ಗಟ್ಟಿ ಗಂಟು ಸಿಕ್ಕಿ, "ಈಚೆಗೆ ತುಂಬ ನೀರು ಕುಡೀತದೆ" ಅಂತ ಮನೆಯವರೂ ಹೇಳಿದರೆ ಕ್ಯಾನ್ಸರಿನ ಸಂಶಯ. ಆಗ ಹಿಂಡುವ ಮಾತಿಲ್ಲ. ರಕ್ತದ ಕ್ಯಾಲ್ಸಿಯಂ ಮತ್ತು ಹೊಟ್ಟೆಯ ಸ್ಕ್ಯಾನಿಗೆ ಚೀಟಿ ಬರೆದು ಅವತ್ತೇ ಮಂಗಳೂರಿಗೆ ಕಳಿಸುತ್ತೇನೆ.