ಸೂರು ಎತ್ತಿದೆ, ನೆತ್ತಿ ತೆರೆದೆ: ನಮ್ಮ ಕೊಟ್ಟಿಗೆಯ ಸೆಕೆ ಇಳಿದದ್ದು ಹೀಗೆ

ಕೊಟ್ಟಿಗೆಯ ಮಾಡು ಬಿಚ್ಚಿ ಎತ್ತರಿಸುತ್ತೇನೆ ಅಂದಾಗ ಒಬ್ಬರೂ ಒಳ್ಳೇ ಮಾತಾಡಲಿಲ್ಲ. "ಆ ದುಡ್ಡಲ್ಲಿ ಇನ್ನೆರಡು ಹಸು ತಂದು ಕಟ್ಟೋ, ಹಾಲಾದ್ರೂ ಬರುತ್ತೆ" ಅಂದ ನಮ್ಮಣ್ಣ. ವೆಲ್ಡಿಂಗ್‌ನವರಂತೂ ಮಾಡಿನ ನೆತ್ತಿ, ಅಂದರೆ ಎರಡು ಇಳಿಜಾರು ಸೇರುವ ತುದಿ, ತೆರೆದಿಡಬೇಕು ಅಂದದ್ದಕ್ಕೆ ನನ್ನ ಮುಖ ನೋಡಿ ನಕ್ಕರು. "ಮಳೆ ಒಳಗೇ ಬರುತ್ತಲ್ಲ ಸ್ವಾಮಿ, ಆಮೇಲೆ ನಮ್ಮನ್ನ ಬೈಬೇಡಿ." ಈಗ ಎರಡು ಬೇಸಿಗೆ ಕಳೆದಿದೆ. ಅದೇ ಅಣ್ಣ ಮೊನ್ನೆ ಟೇಪು ಹಿಡಿದು ಬಂದು ನಮ್ಮ ಕೊಟ್ಟಿಗೆಯ ಅಳತೆ ತೆಗೆದುಕೊಂಡು ಹೋದ. ಅದಕ್ಕೇ ಬರೆಯಲು ಕೂತೆ.

ನಮ್ಮಲ್ಲಿ 22 ಹಸು. ಎರಡು ಸಾಲು, ಬಾಲಕ್ಕೆ ಬಾಲ, ನಡುವೆ ಓಡಾಡುವ ದಾರಿ, ಅದರ ಎರಡೂ ಬದಿ ಸಗಣಿ ಕಾಲುವೆ. 60 ಅಡಿ ಉದ್ದ, 30 ಅಡಿ ಅಗಲ ಇರಬೇಕು. ಸೂರಿನ ಹತ್ತಿರ, ಅಂದರೆ ಮಾಡಿನ ಕೆಳ ಅಂಚಲ್ಲಿ, ಎತ್ತರ ಬರೀ 8 ಅಡಿ. ಕಳ್ಳರ ಭಯ, ಚಳಿಯ ಭಯ ಅಂತ ಸುತ್ತಲೂ ಆಳೆತ್ತರದ ಗೋಡೆ ಎಬ್ಬಿಸಿದ್ದೆ. ಮೇಲೆ ತಗಡು. ಒಟ್ಟಿನಲ್ಲಿ ಒಂದು ದೊಡ್ಡ ಒಲೆ ಕಟ್ಟಿ ಅದರೊಳಗೆ ಹಸು ಕಟ್ಟಿದ್ದೆ. ಒಂದೇ ಪುಣ್ಯ ಅಂದರೆ ಉದ್ದ ಪೂರ್ವ-ಪಶ್ಚಿಮಕ್ಕಿತ್ತು, ಹಾಗಾಗಿ ಅಕ್ಕಪಕ್ಕದಿಂದ ಬಿಸಿಲು ಅಷ್ಟಾಗಿ ನುಗ್ಗುತ್ತಿರಲಿಲ್ಲ. ಅದನ್ನೂ ನಾನು ತಿಳಿದು ಮಾಡಿದ್ದಲ್ಲ, ಜಾಗ ಹಾಗಿತ್ತು.

ಚಳಿಗಾಲದಲ್ಲಿ ದಿನಕ್ಕೆ ಹೆಚ್ಚುಕಮ್ಮಿ 240 ಲೀಟರ್ ಆಗುತ್ತಿದ್ದ ಹಾಲು ಬೇಸಿಗೆಯಲ್ಲಿ 180ಕ್ಕೆ ಬರುತ್ತಿತ್ತು. ಮೊದಲು ಹಾಲು ಇಳಿಸುತ್ತಿದ್ದದ್ದು ಒಳ್ಳೇ ಹಸುಗಳೇ. ಹಾಲು ಜಾಸ್ತಿ ಕೊಡುವ ಹಸುವಿನ ಮೈಯೊಳಗೆ ಬಿಸಿಯೂ ಜಾಸ್ತಿ ಹುಟ್ಟುತ್ತದೆ, ಅಲ್ವಾ. ಹಿಂಡಿ ಮುಟ್ಟುತ್ತಿರಲಿಲ್ಲ, ಬೆದೆ ಗೊತ್ತಾಗುತ್ತಿರಲಿಲ್ಲ, ಮಧ್ಯಾಹ್ನ ಎಲ್ಲವೂ ನಿಂತೇ ಇರುತ್ತಿದ್ದವು. ದಿನದ ಅರ್ಧ ಹೊತ್ತು ಮಲಗಬೇಕಾದ ಪ್ರಾಣಿ ಮೈಗೆ ಗಾಳಿ ತಾಗಲಿ ಅಂತ ನಿಂತರೆ ಕಾಲೂ ಹೋಯಿತು, ಮೆಲುಕೂ ಹೋಯಿತು.

ಮೊದಲ ಬೇಸಿಗೆ ನಾನು ಮಾಡಿದ ದಡ್ಡತನ ಫಾಗರ್. ಸಣ್ಣ ಮಂಜಿನ ಹಾಗೆ ನೀರು ಬಿಡುತ್ತದಲ್ಲ, ಅದು. ಅರ್ಧ ಹಸುವಿನ ಬೆಲೆ ಅದಕ್ಕೇ ಹೋಯಿತು. ಮೊದಲ ದಿನ ಒಳಗೆ ಹೋಗಿ ನಿಂತರೆ ಆಹಾ, ನನಗಂತೂ ತಂಪು. ಹಸುಗಳ ಪಕ್ಕೆ ನೋಡಿ ಉಸಿರು ಎಣಿಸಿದರೆ ನಿಮಿಷಕ್ಕೆ 80 ಇದ್ದದ್ದು 95 ಆಗಿತ್ತು. ಗಾಳಿ ಆಡದ ಕೊಟ್ಟಿಗೆಗೆ ಮಂಜು ತುಂಬಿದರೆ ತೇವ ಎಲ್ಲಿಗೆ ಹೋಗಬೇಕು? ಹಸು ಬಿಸಿ ಕಳೆಯುವುದೇ ಬೆವರಿನಿಂದ, ಉಸಿರಿನಿಂದ. ಸುತ್ತಲ ಗಾಳಿಯೇ ಒದ್ದೆಯಾದರೆ ಎರಡೂ ಕೆಲಸ ಮಾಡುವುದಿಲ್ಲ. ಮೇಲಾಗಿ ಆ ಸಣ್ಣ ಹನಿ ರೋಮದ ತುದಿಯಲ್ಲೇ ಕೂರುತ್ತದೆ, ಚರ್ಮಕ್ಕೆ ಇಳಿಯುವುದೇ ಇಲ್ಲ. ನೆಲ ಮಾತ್ರ ಸದಾ ಒದ್ದೆ. ಆ ತಿಂಗಳು ಮೂರು ಹಸುವಿಗೆ ಕೆಚ್ಚಲು ಬಾವು. ಔಷಧಿಯ ಖರ್ಚು, ಚೆಲ್ಲಿದ ಹಾಲು ಬೇರೆ.

ಎರಡನೇ ದಡ್ಡತನ ಮಾಡಿಗೆ ನೇತುಹಾಕಿದ ಫ್ಯಾನು. ತಗಡಿನ ಕೆಳಗೆ ನಿಂತಿದ್ದ ಬಿಸಿಗಾಳಿಯನ್ನೇ ಎಳೆದು ಹಸುವಿನ ಬೆನ್ನಿಗೆ ಹೊಡೆಯುತ್ತಿತ್ತು. ಕರೆಂಟಿನ ಬಿಲ್ಲು ಕಟ್ಟಿ ಬಿಸಿಗಾಳಿ ಬೀಸಿಸಿದೆ. ಮೂರನೆಯದು ಇನ್ನೂ ಚೆಂದ. ಬಿಸಿಲು ತಡೆಯಲಿ ಅಂತ ಗೋಡೆಯ ಮೇಲೆ ಉಳಿದಿದ್ದ ಸಂದಿಗೂ ಶೇಡ್ ನೆಟ್ ಕಟ್ಟಿದೆ. ಬರುತ್ತಿದ್ದ ಒಂದಿಷ್ಟು ಗಾಳಿಯೂ ನಿಂತಿತು.

ಬುದ್ಧಿ ಬಂದದ್ದು ಒಂದು ರಾತ್ರಿ. 11 ಗಂಟೆ ಇರಬಹುದು. ಹೊರಗೆ ಒಳ್ಳೇ ಗಾಳಿ, ನಾನು ಅಂಗಳದಲ್ಲಿ ಆರಾಮಾಗಿ ಮಲಗಿದ್ದೆ. ಒಳಗಿಂದ ಏದುಸಿರು ಕೇಳಿಸುತ್ತಿತ್ತು. ಹೋಗಿ ಎಣಿಸಿದರೆ ಆ ಹೊತ್ತಿಗೂ 70. ಒಂದು ತಗಡಿನ ಡಬ್ಬಿಯಲ್ಲಿ ಒದ್ದೆ ಹುಲ್ಲು ಹಾಕಿ ಹೊಗೆ ಎಬ್ಬಿಸಿ ನಡುದಾರಿಯಲ್ಲಿಟ್ಟು ನೋಡುತ್ತಾ ಕೂತೆ. (ಒಣಹುಲ್ಲು ಪಕ್ಕದಲ್ಲಿದ್ದರೆ ಈ ಕೆಲಸ ಬೇಡ, ಕೈಯಲ್ಲಿ ಬಕೆಟ್ ನೀರು ಇರಲಿ.) ಹೊಗೆ ನೇರ ನೆತ್ತಿಗೆ ಹೋಯಿತು, ತಗಡಿಗೆ ತಾಗಿತು, ಎರಡೂ ಕಡೆ ಹರಡಿತು, ಗೋಡೆ ಹಿಡಿದು ಇಳಿದು ಸರಿಯಾಗಿ ಗೊಂತಿನ ಹತ್ತಿರ ಹಸುಗಳ ಮೂಗಿಗೆ ಬಂತು. ಅವು ಬಿಟ್ಟ ಬಿಸಿ ಉಸಿರನ್ನು ಅವೇ ತಿರುಗಿ ಎಳೆದುಕೊಳ್ಳುತ್ತಿದ್ದವು. ನಾನು ತಂಪು ಒಳಗೆ ತರಲು ದುಡ್ಡು ಸುರಿಯುತ್ತಿದ್ದೆ, ಬಿಸಿ ಹೊರಗೆ ಹೋಗಲು ದಾರಿಯನ್ನೇ ಇಟ್ಟಿರಲಿಲ್ಲ.

ಮುಂದಿನ ಬೇಸಿಗೆಗೆ ಮುಂಚೆ ಕೆಲಸ ಹಿಡಿದೆ. ಕಂಬಗಳಿಗೆ ಪೈಪು ಜೋಡಿಸಿ ಸೂರನ್ನು 13 ಅಡಿಗೆ ಎತ್ತಿಸಿದೆ. ಗೋಡೆ ಒಡೆದು ಎರಡೂವರೆ ಅಡಿಗೆ ಇಳಿಸಿದೆ. ಸೂರನ್ನು ಮೂರಡಿ ಹೊರಗೆ ಚಾಚಿಸಿದೆ. ನೆತ್ತಿ ಉದ್ದಕ್ಕೂ ತೆರೆದೆ. 10 ಅಡಿ ಅಗಲಕ್ಕೆ 2 ಇಂಚು ಅನ್ನುವ ಲೆಕ್ಕದಲ್ಲಿ ನನಗೆ 6 ಇಂಚು ಸಾಕಿತ್ತು, ಧಾರಾಳವಾಗಿ 8 ಬಿಟ್ಟೆ. ಮಳೆ ಬಂದರೆ ಬೀಳುವುದು ನಡುದಾರಿಗೆ. ಅಲ್ಲಿ ಹೇಗಿದ್ದರೂ ದಿನಾ ತೊಳೆಯುತ್ತೇವೆ, ನೀರು ಕಾಲುವೆಗೆ ಹೋಗುತ್ತದೆ. ಬಾಲಕ್ಕೆ ಬಾಲ ಕಟ್ಟಿದವರಿಗೆ ಇದೊಂದು ಅನುಕೂಲ.

ಹೇಳಿದಷ್ಟು ಸಲೀಸಾಗಿ ಆಗಲಿಲ್ಲ. ಎರಡು ಹಸುವಿನ ಬೆಲೆಯಲ್ಲಿ ಮುಗಿಯುತ್ತದೆ ಅಂದುಕೊಂಡದ್ದು ಮೂರು ದಾಟಿತು. ಹಳೇ ತಗಡನ್ನೇ ಮತ್ತೆ ಹೊದಿಸಿ ದುಡ್ಡು ಉಳಿಸೋಣ ಅಂತ ಹೋದರೆ ಹಳೇ ತೂತುಗಳು ಹೊಸ ಪಟ್ಟಿಗೆ ಕೂರಲಿಲ್ಲ. ಹೊಸ ತೂತು ಕೊರೆದು ಹಳೆಯದಕ್ಕೆ ತೇಪೆ ಹಾಕಿ, ಈಗಲೂ ಮಳೆ ಬಂದರೆ ಐದಾರು ಕಡೆ ತೊಟ್ಟಿಕ್ಕುತ್ತದೆ. ನೆತ್ತಿಯಿಂದ ಬರುವ ನೀರಿಗಿಂತ ಈ ಉಳಿತಾಯದ ನೀರೇ ಜಾಸ್ತಿ! ಕೆಲಸ ನಡೆದ ಒಂಬತ್ತು ದಿನ ಹಸುಗಳನ್ನು ಮರದ ಕೆಳಗೆ ಕಟ್ಟಿದ್ದೆ. ಹಾಲು ಬೀಳುತ್ತದೆ ಅಂದುಕೊಂಡರೆ ಎಂಟು-ಹತ್ತು ಲೀಟರ್ ಏರಿತು. ಆಗಲೇ ನನಗೆ ಅರ್ಧ ಧೈರ್ಯ ಬಂದದ್ದು.

ಮಾಡು ಎತ್ತಿದ ಮೇಲೆ ನೀರು ಬಿಡುವುದಕ್ಕೆ ಅರ್ಥ ಬಂತು. ಫಾಗರ್ ಕಿತ್ತು ದೊಡ್ಡ ಹನಿಯ ಸ್ಪ್ರಿಂಕ್ಲರ್ ಹಾಕಿದೆ, ಫ್ಯಾನುಗಳನ್ನು ಕೆಳಗಿಳಿಸಿ ಸಾಲಿನ ಉದ್ದಕ್ಕೆ ಬೀಸುವ ಹಾಗೆ ಓರೆಯಾಗಿ ನಿಲ್ಲಿಸಿದೆ. ನೀರು ಚರ್ಮದವರೆಗೆ ಇಳಿಯಬೇಕು, ಆಮೇಲೆ ನಿಲ್ಲಬೇಕು, ಫ್ಯಾನು ಅದನ್ನು ಮೈಮೇಲೇ ಆರಿಸಬೇಕು. ತಂಪಾಗುವುದು ಆರುವಾಗ. ಮೊದಲು ಆಸೆಗೆ ಒಂದೊಂದು ಸಲ ನಾಲ್ಕು ನಿಮಿಷ ಬಿಟ್ಟೆ. ನೀರು ಪಕ್ಕೆ ಹಿಡಿದು ಕೆಚ್ಚಲಿಗೆ ಇಳಿಯಿತು, ಹಸು ಮಲಗುವ ಮ್ಯಾಟು ಕೆರೆಯಾಯಿತು. ಈಗ ಸುಮಾರು ಒಂದು ನಿಮಿಷ ನೀರು, ಹತ್ತು-ಹನ್ನೆರಡು ನಿಮಿಷ ಬರೀ ಗಾಳಿ. ಹೀಗೆ ಮುಕ್ಕಾಲು ಗಂಟೆಯ ಒಂದು ಸುತ್ತು, ಹಸು ನಿಂತು ತಿನ್ನುವ ಹೊತ್ತಿಗೆ. ಗೊಂತಿನ ಮೇವು ನೆನೆಯದ ಹಾಗೆ, ಬೆನ್ನು ಮಾತ್ರ ನೆನೆಯುವ ಹಾಗೆ ನಳಿಕೆಯನ್ನು ಎಷ್ಟು ಓರೆ ಮಾಡಿದ್ದೇನೆ ಅನ್ನುವುದು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಒಂದೂವರೆ ತಿಂಗಳು ಒದ್ದೆಯಾಗಿದ್ದೇನೆ.

ಇನ್ನೊಂದು ಮಾತು. ಎಲ್ಲರೂ ಮಧ್ಯಾಹ್ನ 2ಕ್ಕೆ ನೀರು ಬಿಟ್ಟು ಕೈತೊಳೆದುಕೊಳ್ಳುತ್ತಾರೆ. ಹಸುವಿನ ಮೈಬಿಸಿ ತುದಿ ಮುಟ್ಟುವುದು ಬಿಸಿಲು ಇಳಿದು ಎಷ್ಟೋ ಹೊತ್ತಾದ ಮೇಲೆ. ದಿನವಿಡೀ ಒಳಗೆ ಸೇರಿದ ಬಿಸಿ ಸಂಜೆಗೆ ಹೊರಬೀಳಲು ನೋಡುತ್ತದೆ. ನಾನು ರಾತ್ರಿಯೂ ಒಂದು ಸುತ್ತು ಬಿಡುತ್ತೇನೆ. ಹಾಲು ಬೀಳದೆ ನಿಂತದ್ದು ಆ ಸುತ್ತಿನಿಂದಲೇ ಅಂತ ನನ್ನ ನಂಬಿಕೆ.

ನಡುವೆ ಒಂದು ಹುಚ್ಚು. ತೊಟ್ಟಿಯ ತೇಲುವ ಚೆಂಡಿಗೆ ಕಪ್ಪು ಬಣ್ಣ ಬಳಿದು ತೂತು ಮಾಡಿ ಥರ್ಮಾಮೀಟರ್ ತೂರಿಸಿ ಹಸುವಿನ ಬೆನ್ನಿನ ಎತ್ತರಕ್ಕೆ ನೇತುಹಾಕಿದೆ. ಬರೀ ಥರ್ಮಾಮೀಟರ್ ಗಾಳಿಯ ಬಿಸಿ ಹೇಳುತ್ತದೆ, ಈ ಚೆಂಡು ತಗಡು ಉಗುಳುವ ಬಿಸಿಯನ್ನೂ ಹೇಳುತ್ತದೆ. ಗಾಳಿ 36 ಡಿಗ್ರಿ ಇದ್ದಾಗ ಚೆಂಡು 43 ತೋರಿಸಿತು. ಅರ್ಧ ಮಾಡಿಗೆ ಸುಣ್ಣ ಬಳಿದೆ. ಆ ಅರ್ಧದ ಕೆಳಗೆ 38ರ ಆಸುಪಾಸು. ಮಾರನೇ ದಿನವೇ ಉಳಿದರ್ಧಕ್ಕೂ ಬಳಿದೆ. ಮೊದಲ ಮಳೆಗೇ ತೊಳೆದು ಹೋಗದಿರಲು ಸುಣ್ಣಕ್ಕೆ ಏನೋ ಒಂದು ಬೆರೆಸುತ್ತೇನೆ, ಇರಲಿ ಬಿಡಿ.

ಕೋಳಿಗೂ ಸ್ಪ್ರಿಂಕ್ಲರ್ ಬಿಟ್ಟು ನೋಡಿದೆ, ಸುಮ್ನೆ ಕೈ ಕಡಿತ. ಅವಕ್ಕೆ ಬೆವರೇ ಇಲ್ಲ, ಬಾಯಿ ತೆರೆದು ರೆಕ್ಕೆ ಅಗಲಿಸಿ ಏದುತ್ತವೆ. ಕೆಳಗಿನ ಹೊಟ್ಟು ನೆನೆದು ಕಣ್ಣುರಿಯುವ ವಾಸನೆ ಎದ್ದಿತು. ನಿಲ್ಲಿಸಿದೆ. ಮಧ್ಯಾಹ್ನದ ತಿಂಡಿ ತಪ್ಪಿಸಿ ಬೆಳಗಿನ ಜಾವ ಹಾಕಿದ್ದರಿಂದ ಅವು ಎಷ್ಟೋ ಸುಧಾರಿಸಿದವು.

ಈಗಿನ ಲೆಕ್ಕ ಕೇಳಿ. ಮಧ್ಯಾಹ್ನ ಉಸಿರು 50-55. ಹಿಂದೆ 2 ಗಂಟೆಗೆ ನಾಲ್ಕು ಹಸು ಮಲಗಿದ್ದರೆ ಹೆಚ್ಚು, ಈಗ 12-13 ಮಲಗಿ ಮೆಲುಕು ಹಾಕುತ್ತಿರುತ್ತವೆ. ಬೇಸಿಗೆಗೆ 60 ಲೀಟರ್ ಬೀಳುತ್ತಿದ್ದದ್ದು 20ಕ್ಕೆ ನಿಂತಿದೆ. ಬೆದೆ ಕಾಣುತ್ತದೆ, ಗಬ್ಬವೂ ನಿಲ್ಲುತ್ತದೆ. ಹಾಕಿದ ದುಡ್ಡಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ವಾಪಸ್ ಬಂದಿರಬೇಕು. ಕರೆಂಟು ಕಳೆದರೆ ಎಷ್ಟು ಅಂತ ನಾನು ಸರಿಯಾಗಿ ಕೂತು ಹಾಕಿಲ್ಲ.

ಒಂದು ತಪ್ಪು ಒಪ್ಪಿಕೊಳ್ಳಬೇಕು. ಹಾಲು ಬತ್ತಿಸಿದ ತುಂಬುಗಬ್ಬದ ಹಸುಗಳನ್ನು "ಇವುಗಳದೇನು, ಹಾಲಿಲ್ಲವಲ್ಲ" ಅಂತ ಹಿಂದಿನ ತಗ್ಗು ಚಪ್ಪರದಲ್ಲೇ ಬಿಟ್ಟಿದ್ದೆ. ಎರಡು ಹಸು ಕರು ಹಾಕಿದ ಮೇಲೆ ಹಿಂದಿನ ಸೂಲಿಗಿಂತ ಎರಡು-ಮೂರು ಲೀಟರ್ ಕಮ್ಮಿಯೇ ಕೊಟ್ಟವು, ಕರುಗಳೂ ಸಣ್ಣವು. ಆ ಎರಡು ತಿಂಗಳ ಬಿಸಿ ಮುಂದಿನ ಸೂಲಿನ ಹಾಲನ್ನೇ ತಿನ್ನುತ್ತದೆ. ಈಗ ಅವಕ್ಕೇ ಮೊದಲ ಫ್ಯಾನು.

ಪಶ್ಚಿಮದ ಮೂಲೆಯ ಮೂರು ಹಸು ಮಾತ್ರ ಇನ್ನೂ 70 ಉಸಿರಾಡುತ್ತವೆ. ಸಂಜೆ ಬಿಸಿಲು ಅಲ್ಲಿಗೇ ಬರುತ್ತದೆ, ಗಾಳಿ ಬರುವ ಕಡೆಗೆ ನಾನೇ ಕಟ್ಟಿಸಿದ ಹಿಂಡಿ ಕೋಣೆ ಅಡ್ಡ ನಿಂತಿದೆ. ಅದನ್ನು ಒಡೆಯಬೇಕು. ವೆಲ್ಡಿಂಗ್‌ನವರಿಗೆ ಹೇಳಿದೆ, ಈ ಸಲ ನಗಲಿಲ್ಲ, ಮುಂಗಡ ಎಷ್ಟು ಕೊಡ್ತೀರಿ ಅಂತ ಕೇಳಿದರು.