ಕೊರಿಯಾ ಆಫೀಸಿನ ಊಟದ ಮೇಜು: ಮಾಂಸ ತಿನ್ನದ, ಕುಡಿಯದ ಒಬ್ಬನ ಅನುಭವ

ಕೊರಿಯಾಕ್ಕೆ ಹೊರಟಾಗ ನಾನು ವಿಚಾರಿಸಿದ್ದು ಸಂಬಳ, ವೀಸಾ, ಚಳಿ ಇಷ್ಟನ್ನೇ. ಊಟದ ಬಗ್ಗೆ ಕೇಳಿದ್ದು ಅಮ್ಮ ಮಾತ್ರ. "ಅಲ್ಲಿ ಏನು ತಿಂತೀಯೋ?" ಅಂದಳು. ಅನ್ನ ಸಿಗುತ್ತೆ, ಮೊಸರು ಸಿಗುತ್ತೆ, ಸಾರಿನ ಪುಡಿ ನೀನು ಕಟ್ಟಿಕೊಡು ಅಂದೆ. ಊಟ ಅನ್ನೋದು ಮನೆಯ ವಿಷಯ ಅಂದುಕೊಂಡಿದ್ದೆ. ಇಲ್ಲಿ ಅದು ಆಫೀಸಿನ ವಿಷಯ. ಸಿಯೋಲ್‌ನ ದಕ್ಷಿಣಕ್ಕಿರುವ ಸುವೊನ್ ನಗರದಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಅದು ಗೊತ್ತಾಯಿತು.

ಹನ್ನೊಂದೂವರೆ ಆಯಿತು ಅಂದರೆ ನಮ್ಮ ತಂಡದಲ್ಲಿ ಕುರ್ಚಿಗಳು ಒಟ್ಟಿಗೇ ಸರಿಯುತ್ತವೆ. ಬುಜಾಂಗ್‌ನಿಮ್, ಅಂದರೆ ವಿಭಾಗದ ಮುಖ್ಯಸ್ಥರು, ಎದ್ದರೆ ಎಲ್ಲರೂ ಏಳಬೇಕು. ಏನು ಊಟ ಅಂತ ಚರ್ಚೆ ಲಿಫ್ಟ್‌ನಲ್ಲೇ ಮುಗಿಯುತ್ತೆ. ಹೋಟೆಲಿನಲ್ಲಿ ವಯಸ್ಸಿನಲ್ಲಿ ಚಿಕ್ಕವರು ಚಮಚ, ಚಾಪ್‌ಸ್ಟಿಕ್ ಹಂಚಿ ನೀರು ಸುರಿಯುತ್ತಾರೆ. ಹಿರಿಯರು ಚಮಚ ಎತ್ತಿದ ಮೇಲೆ ಉಳಿದವರು ಶುರು ಮಾಡುತ್ತಾರೆ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಊಟ ಮುಗಿದಿರುತ್ತೆ. ಊಟದ ದುಡ್ಡು ಹಿರಿಯರು ಕೊಟ್ಟರೆ ಕಾಫಿಯದ್ದು ಕಿರಿಯರು ಕೊಡುತ್ತಾರೆ. ಮೈನಸ್ ಹತ್ತು ಡಿಗ್ರಿ ಚಳಿಯಲ್ಲೂ ಎಲ್ಲರ ಕೈಯಲ್ಲಿ ಐಸ್ ಹಾಕಿದ ಅಮೆರಿಕಾನೊ.

ಶುರುವಿನಲ್ಲಿ ಡಬ್ಬಿ ಕಟ್ಟಿಕೊಂಡು ಹೋಗಿ ಒಬ್ಬನೇ ತಿಂದೆ. ಯಾರೂ ಏನೂ ಅನ್ನಲಿಲ್ಲ. ಆದರೆ ಮಧ್ಯಾಹ್ನದ ಮೀಟಿಂಗಿಗೆ ಹೋದರೆ ಎಲ್ಲ ಮೊದಲೇ ತೀರ್ಮಾನ ಆಗಿರುತ್ತಿತ್ತು. ನಾನು ಬೆಂಗಳೂರಿನ ಅಭ್ಯಾಸದಂತೆ ಕೈ ಎತ್ತಿ, "ಈ ಡಿಸೈನ್ ಯಾಕೆ, ಇನ್ನೊಂದು ದಾರಿ ಇದೆಯಲ್ಲ" ಅಂದರೆ ಕೋಣೆ ಗಪ್‌ಚುಪ್. ಯಾವ ಮಾಡ್ಯೂಲ್ ಯಾರಿಗೆ, ಯಾವ ಡೆಡ್‌ಲೈನ್ ನಿಜವಾದದ್ದು, ಯಾವುದು ಸುಮ್ನೆ ಹೇಳಿದ್ದು, ಇವೆಲ್ಲ ಆ ಐಸ್ ಕಾಫಿ ಹಿಡಿದು ಬಿಲ್ಡಿಂಗ್ ಸುತ್ತ ಒಂದು ಸುತ್ತು ನಡೆಯುವಾಗಲೇ ಇತ್ಯರ್ಥ ಆಗುತ್ತಿದ್ದವು. ಮೀಟಿಂಗ್ ಬರೀ ಮೊಹರು ಒತ್ತುವ ಜಾಗ. ಹಾಗಾಗಿ ಡಬ್ಬಿ ಮನೆಯಲ್ಲೇ ಬಿಟ್ಟೆ. ನನ್ನ ಮಟ್ಟಿಗೆ ಕೊರಿಯಾದಲ್ಲಿ ಕೆಲಸ ಶುರುವಾಗಿದ್ದು ಅವತ್ತು.

ಈಗ ಸಮಸ್ಯೆ ಏನಪ್ಪಾ ಅಂದರೆ, ತಿನ್ನೋದು ಏನನ್ನು? "ಗೊಗಿ ಪ್ಪೆಗೊ ಜುಸೆಯೊ" ಅಂದರೆ ಮಾಂಸ ತೆಗೆದು ಕೊಡಿ ಅಂತ. ಇಷ್ಟು ಹೇಳಿದರೆ ಹ್ಯಾಮ್ ಹಾಕಿ ಕೊಡುತ್ತಾರೆ. ಹೋಟೆಲಿನ ಅಜುಮ್ಮಾಗಳ, ಅಂದರೆ ನಡುವಯಸ್ಸಿನ ಹೆಂಗಸರ, ಲೆಕ್ಕದಲ್ಲಿ ಹ್ಯಾಮ್ ಮಾಂಸ ಅಲ್ಲ, ಸಿಗಡಿಯೂ ಅಲ್ಲ, ಒಣಮೀನಂತೂ ಉಪ್ಪಿನ ಸಮಾನ. ಕಿಮ್ಚಿ, ಅಂದರೆ ಹುಳಿಬರಿಸಿದ ಎಲೆಕೋಸಿನ ಉಪ್ಪಿನಕಾಯಿ, ಅದರಲ್ಲೇ ಸಾಮಾನ್ಯವಾಗಿ ಉಪ್ಪು ಹಾಕಿದ ಸಿಗಡಿ ಅಥವಾ ಮೀನಿನ ರಸ ಇರುತ್ತೆ. ಸೋಯಾ ಪೇಸ್ಟಿನ ಸಾರು ನೋಡೋಕೆ ನಮ್ಮ ಬೇಳೆ ಸಾರಿನ ತರಹ ಇದ್ದರೂ ತಳದಲ್ಲಿ ನೆತ್ತೋಲಿ ಮೀನು ಕುದಿಸಿದ ನೀರು. ಸಸ್ಯಾಹಾರಿ ಅನ್ನೋದಕ್ಕೆ ಅವರ ಭಾಷೆಯಲ್ಲಿ ಪದ ಇದೆ. ಆದರೆ ಆ ಪದ ಕೇಳಿದವರು ನಾನೇನೋ ತೂಕ ಇಳಿಸುತ್ತಿದ್ದೀನಿ ಅಂದುಕೊಂಡು, "ಇವತ್ತೊಂದು ದಿನ ಪರವಾಗಿಲ್ಲ" ಅನ್ನುತ್ತಿದ್ದರು.

ಕೆಲಸಕ್ಕೆ ಬಂದದ್ದು ಬೌದ್ಧ ಭಿಕ್ಷುಗಳ ಹೆಸರು. ಕೊರಿಯಾದ ದೇವಸ್ಥಾನದ ಅಡುಗೆಯಲ್ಲಿ ಮಾಂಸ, ಮೀನು ಇರಲಿ, ಈರುಳ್ಳಿ ಬೆಳ್ಳುಳ್ಳಿ ಕೂಡ ಇಲ್ಲ. ಅದು ಎಲ್ಲರಿಗೂ ಗೊತ್ತು. ಒಂದು ಸಲ "ಸುನಿಮ್‌ಚೊರೊಮ್ ಮೊಗೊಯೊ", ಭಿಕ್ಷುಗಳ ಹಾಗೆ ತಿಂತೀನಿ ಅಂದೆ. ಅಜುಮ್ಮಾ "ಆಆ" ಅಂತ ತಲೆ ಆಡಿಸಿ ಒಳಗೆ ಹೋಗಿ, ಬಿಬಿಂಬಾಪ್, ಅಂದರೆ ತರಕಾರಿ ಕಲಸಿ ತಿನ್ನುವ ಅನ್ನದ ಬಟ್ಟಲಲ್ಲಿ ಸೊಪ್ಪು, ಅಣಬೆ, ಮೊಳಕೆಕಾಳು ಎರಡರಷ್ಟು ತುಂಬಿ ತಂದರು. ಅವತ್ತಿನಿಂದ ತಂಡದಲ್ಲಿ ನನ್ನ ಅಡ್ಡಹೆಸರು ಸುನಿಮ್, ಅಂದರೆ ಸ್ವಾಮಿಗಳು. ಬೆಳ್ಳುಳ್ಳಿ ನಾನು ಧಾರಾಳವಾಗಿ ತಿಂತೀನಿ, ಅದು ಬೇರೆ ಮಾತು.

ಬೇಸಿಗೆಯಲ್ಲಿ ಕೊಂಗ್‌ಗುಕ್ಸು ಸಿಗುತ್ತೆ. ಸೋಯಾ ಕಾಳು ರುಬ್ಬಿದ ತಣ್ಣನೆ ಹಾಲಿನಲ್ಲಿ ನೂಡಲ್ಸ್. ಮೇಲೆ ಸೌತೆಕಾಯಿ, ಉಪ್ಪು ನಾವೇ ಹಾಕ್ಕೋಬೇಕು. ಮೊದಲ ಸಲ ಸಪ್ಪೆ ಅನಿಸುತ್ತೆ, ಆಮೇಲೆ ಜೂನ್ ಯಾವಾಗ ಬರುತ್ತೋ ಅಂತ ಕಾಯುವ ಹಾಗಾಗುತ್ತೆ. ಕುಂಬಳಕಾಯಿ ಗಂಜಿ, ಹ್ಯಾಮ್ ತೆಗೆಸಿದ ಗಿಮ್‌ಬಾಪ್ (ಕಡಲಪಾಚಿ ಹಾಳೆಯಲ್ಲಿ ಸುತ್ತಿದ ಅನ್ನ), ಸುಟ್ಟ ತೋಫು. ಇಷ್ಟಿದ್ದರೆ ವಾರದ ಮಧ್ಯಾಹ್ನಗಳು ಸಾಗುತ್ತವೆ.

ರಾತ್ರಿಯದ್ದು ಬೇರೆ ಕಥೆ. ಅದಕ್ಕೆ ಹ್ವೆಶಿಕ್ ಅಂತಾರೆ, ಕಂಪನಿಯ ಖರ್ಚಿನಲ್ಲಿ ತಂಡದ ಊಟ. ಹೆಚ್ಚಾಗಿ ಹಂದಿಮಾಂಸ ಸುಡುವ ಹೋಟೆಲ್, ಜೊತೆಗೆ ಸೊಜು ಅನ್ನೋ ಕೊರಿಯಾದ ಮದ್ಯ. ಮೇಜಿನ ಮಧ್ಯೆ ಕೆಂಡ ಅಥವಾ ಗ್ಯಾಸ್ ಒಲೆ, ಬಟ್ಟೆಗೆಲ್ಲ ಹೊಗೆ. ಅದಕ್ಕೇ ಕೋಟುಗಳನ್ನು ಕವರಿಗೆ ತುಂಬಿ ಅಥವಾ ಡಬ್ಬದಂತಹ ಕುರ್ಚಿಯೊಳಗೆ ಹಾಕಿಡುತ್ತಾರೆ. ನಾನು ಮಾಂಸ ತಿನ್ನಲ್ಲ, ಕುಡಿಯಲ್ಲ. ಇನ್ನು ಅಲ್ಲಿ ಕೂತು ಮಾಡೋದೇನು?

ಸುರಿಯೋದು! ಕುಡಿಯದವನಿಗೆ ಆ ಮೇಜಿನಲ್ಲಿ ಇರುವ ಗೌರವದ ಕೆಲಸ ಅದೇ. ಇಲ್ಲಿ ಯಾರೂ ತಮ್ಮ ಲೋಟಕ್ಕೆ ತಾವೇ ಸುರಿದುಕೊಳ್ಳಲ್ಲ. ಹಿರಿಯರಿಗೆ ಬಡಿಸುವಾಗ ಎರಡೂ ಕೈಯಿಂದ ಬಾಟಲಿ ಹಿಡಿಯಬೇಕು, ಅಥವಾ ಎಡಗೈಯನ್ನು ಬಲಗೈಗೆ ತಾಗಿಸಬೇಕು. ಲೋಟ ಪೂರ್ತಿ ಖಾಲಿ ಆಗದೆ ಮತ್ತೆ ತುಂಬುವಂತಿಲ್ಲ. ಕಿರಿಯರು ಕುಡಿಯುವಾಗ ಮುಖ ಪಕ್ಕಕ್ಕೆ ತಿರುಗಿಸುತ್ತಾರೆ. ನನ್ನ ಸೊಜು ಲೋಟಕ್ಕೆ ಸೈಡರ್ ಹಾಕಿಸಿಕೊಂಡೆ. ಕೊರಿಯಾದ ಸೈಡರ್ ಅಂದರೆ ನಮ್ಮ ಸ್ಪ್ರೈಟ್ ತರಹದ ಸೋಡಾ, ಅದರಲ್ಲಿ ಮದ್ಯ ಇಲ್ಲ. ಬಣ್ಣವೂ ಸೊಜು ಬಣ್ಣವೇ. ಎಲ್ಲರ ಜೊತೆ "ಗನ್‌ಬೆ" ಅಂತ ಎತ್ತುತ್ತೀನಿ, ನಾನೂ ಮುಖ ತಿರುಗಿಸಿ ಕುಡಿಯುತ್ತೀನಿ. ಬರಬರುತ್ತಾ ಸೊಜು ಬಿಯರ್ ಬೆರೆಸೋದನ್ನೂ ಕಲಿತೆ. ಮೂರು ಪಾಲು ಸೊಜು, ಏಳು ಪಾಲು ಬಿಯರ್, ಚಮಚ ಒಂದೇ ಸಲ ತಳಕ್ಕೆ ಕುಟ್ಟಿದರೆ ನೊರೆ ಮೇಲೇಳುತ್ತೆ. ರುಚಿ ಹೇಗಿರುತ್ತೋ ಇವತ್ತಿಗೂ ನನಗೆ ಗೊತ್ತಿಲ್ಲ. ಆದರೆ ಸ್ವಾಮಿಗಳ ಕೈ ಹದ ಚೆನ್ನಾಗಿದೆ ಅಂತ ಪಕ್ಕದ ತಂಡದವರೂ ಲೋಟ ಒಡ್ಡುತ್ತಿದ್ದರು.

ತಿನ್ನೋದಕ್ಕೆ ಲೆಟಿಸ್ ಎಲೆಯಲ್ಲಿ ಅನ್ನ, ಹಸಿಮೆಣಸಿನಕಾಯಿ, ಸೋಯಾ ಪೇಸ್ಟ್ ಸುತ್ತಿಕೊಂಡರೆ ಆಯಿತು. ಬೆಳ್ಳುಳ್ಳಿ, ಅಣಬೆ ಸುಡೋಕೆ ಸಣ್ಣ ಅಲ್ಯೂಮಿನಿಯಂ ತಟ್ಟೆ ಬೇರೆ ಕೇಳಿ. ಇಲ್ಲದಿದ್ದರೆ ಹಂದಿಕೊಬ್ಬು ಹರಿದು ಬಂದು ಅದರಲ್ಲೇ ಬೇಯುತ್ತೆ. ಹೊರಡುವ ಮುಂಚೆ ಮನೆಯಲ್ಲಿ ಎರಡು ಚಪಾತಿ ತಿಂದು ಹೋಗೋದು ಇನ್ನೂ ವಾಸಿ.

ಒಂದನೇ ಸುತ್ತು ಮುಗಿದ ಮೇಲೆ ಎರಡನೇ ಸುತ್ತು ಇರುತ್ತೆ, ಬಿಯರ್ ಅಂಗಡಿಯಲ್ಲಿ. ಆಮೇಲೆ ನೊರೆಬಾಂಗ್, ಅಂದರೆ ಬಾಡಿಗೆಗೆ ಸಿಗುವ ಹಾಡಿನ ಕೋಣೆ. ಮೊದಲನೆಯದನ್ನು ತಪ್ಪಿಸಬೇಡಿ, ಎರಡನೆಯದನ್ನು ನಯವಾಗಿ ತಪ್ಪಿಸಬಹುದು, ಎಲ್ಲರೂ ರಸ್ತೆಯಲ್ಲಿ ನಿಂತು ಗೊಂದಲ ಮಾಡಿಕೊಳ್ಳುವ ಆ ಐದು ನಿಮಿಷವೇ ಜಾರಿಕೊಳ್ಳೋಕೆ ಸರಿಯಾದ ಸಮಯ. ನೊರೆಬಾಂಗ್‌ಗೆ ಮಾತ್ರ ನಾನು ಖುಷಿಯಿಂದ ಹೋಗ್ತೀನಿ. ಯಂತ್ರದಲ್ಲಿ ಕನ್ನಡ ಹಾಡಿಲ್ಲ, ಹಾಗಾಗಿ ಯಾವುದೋ ಕೊರಿಯನ್ ಹಾಡಿಗೆ ತಾಳದ ಗಿಲಕಿ ಬಾರಿಸುತ್ತೀನಿ.

ಕಾಗದಪತ್ರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಬಂದ 90 ದಿನದೊಳಗೆ ವಿದೇಶಿ ನಿವಾಸಿ ಕಾರ್ಡ್‌ಗೆ ನೋಂದಾಯಿಸಬೇಕು. ನಮ್ಮವರಿಗೆ ತೊಂದರೆ ಕೊಡೋದು ಹೆಸರು. ಇನಿಷಿಯಲ್ ಬಿಡಿಸಿ ಅಪ್ಪನ ಹೆಸರನ್ನು ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಮಾಡಿಸಿರುತ್ತೇವೆ ಅಲ್ವಾ? ಇಲ್ಲಿ ಸರ್‌ನೇಮ್ ಮೊದಲು ಬರುತ್ತೆ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಎಲ್ಲ ಕಡೆ ನಮ್ಮಪ್ಪನನ್ನೇ ಕರೆಯುತ್ತಾರೆ. ನಾನು ಎದ್ದು ಹೋಗ್ತೀನಿ. ಅದು ತಮಾಷೆ. ತಮಾಷೆ ಅಲ್ಲದ್ದು ಏನೆಂದರೆ, ಫೋನ್, ಬ್ಯಾಂಕ್, ಕಾರ್ಡ್ ಮೂರರಲ್ಲೂ ಹೆಸರಿನ ಕ್ರಮ ಮತ್ತು ಮಧ್ಯದ ಖಾಲಿ ಜಾಗ ಒಂದೇ ತರಹ ಇಲ್ಲದಿದ್ದರೆ ಆನ್‌ಲೈನ್‌ನಲ್ಲಿ ಗುರುತಿನ ಪರೀಕ್ಷೆ ಕೈಕೊಡುತ್ತೆ. ರೈಲು ಟಿಕೆಟ್‌ನಿಂದ ಅಕ್ಕಿ ತರಿಸೋವರೆಗೆ ಎಲ್ಲದಕ್ಕೂ ಆ ಪರೀಕ್ಷೆಯೇ ಬಾಗಿಲು. ಖಾತೆ ತೆರೆಯುವಾಗಲೇ ಕಾರ್ಡ್‌ನಲ್ಲಿ ಇದ್ದ ಹಾಗೇ ಹಾಕಿಸಿಕೊಳ್ಳಿ. ದುಡ್ಡಿನ ಮಾತು ಅಂದರೆ, ಒಂದು ವರ್ಷ ದಾಟಿದ ಮೇಲೆ ಕೆಲಸ ಬಿಟ್ಟರೆ ವರ್ಷಕ್ಕೆ ಒಂದು ತಿಂಗಳ ಸಂಬಳದಷ್ಟು ಹಣ ಕಾನೂನಿನ ಪ್ರಕಾರ ಬರುತ್ತೆ. ರಾಷ್ಟ್ರೀಯ ಪಿಂಚಣಿಗೆ ಕಟ್ಟಿದ್ದನ್ನೂ ಭಾರತೀಯರು ದೇಶ ಬಿಡುವಾಗ ಒಟ್ಟಿಗೆ ವಾಪಸ್ ಪಡೆಯಬಹುದು. ಎಷ್ಟೋ ಜನ ಇದನ್ನು ಕೇಳದೇ ವಿಮಾನ ಹತ್ತಿಬಿಡುತ್ತಾರೆ.

ಮದುವೆಗೆ ಕರೆದರೆ ಬಿಳಿ ಲಕೋಟೆಯಲ್ಲಿ ಹಣ. ಬರೀ ಸಹೋದ್ಯೋಗಿಗಿಂತ ಹತ್ತಿರದವರಿಗೆ ಜಾಸ್ತಿ. ಒಳಗೆ ಹೋಗುವ ಮುಂಚೆ ಮೇಜಿನ ಬಳಿ ಲಕೋಟೆ ಕೊಟ್ಟು ಊಟದ ಚೀಟಿ ಪಡೆದರೆ ಅರ್ಧ ಗಂಟೆಯಲ್ಲಿ ಮದುವೆ ಮುಗಿದಿರುತ್ತೆ. ಮುಹೂರ್ತಕ್ಕೆ ಬೆಳಿಗ್ಗೆ ಐದಕ್ಕೆ ಏಳುವ ನಮಗೆ ಇದು ಮದುವೆ ಅಂತಲೇ ಅನಿಸಲ್ಲ.

ಸಾವು ಹಾಗಲ್ಲ. ನನ್ನ ಪಕ್ಕದ ಸೀಟಿನವರ ತಂದೆ ತೀರಿಕೊಂಡ ಸುದ್ದಿ ತಂಡದ ಕಕಾವೊಟಾಕ್ (ಇಲ್ಲಿನ ವಾಟ್ಸಾಪ್ ತರಹದ ಆ್ಯಪ್) ಗುಂಪಿಗೆ ಬಂತು. ಅವತ್ತು ಸಂಜೆಯೇ ಎಲ್ಲರೂ ಹೊರಟರು. ಇಲ್ಲಿ ಹೆಚ್ಚಿನ ಸಾವಿನ ಕಾರ್ಯ ನಡೆಯೋದು ಆಸ್ಪತ್ರೆಗಳಿಗೆ ಸೇರಿದ ಕೋಣೆಗಳಲ್ಲಿ, ಮೂರು ದಿನ. ಕಪ್ಪು ಬಟ್ಟೆ, ಲಕೋಟೆಯ ಹಿಂದೆ ಹೆಸರು. ಶೂ ಬಿಚ್ಚಿ ಒಳಗೆ ಹೋಗಿ, ಬಿಳಿ ಸೇವಂತಿಗೆಗಳ ನಡುವೆ ಇಟ್ಟ ಫೋಟೋದ ಮುಂದೆ ಊದಿನಕಡ್ಡಿ ಹಚ್ಚಬೇಕು. ಮೊಣಕಾಲೂರಿ ಹಣೆ ನೆಲಕ್ಕೆ ಹತ್ತಿರ ತಂದು ಎರಡು ಸಲ ನಮಸ್ಕಾರ, ಆಮೇಲೆ ಮನೆಯವರ ಕಡೆ ತಿರುಗಿ ಒಂದು ಸಲ. ನಮಸ್ಕಾರ ಮಾಡೋದು ನಮಗೆ ಹೊಸದೇನಲ್ಲ. ಕಷ್ಟ ಬಂದಿದ್ದು ಅದಾದ ಮೇಲೆ. ಪಕ್ಕದ ಹಾಲ್‌ನಲ್ಲಿ ತಗ್ಗಿನ ಮೇಜುಗಳ ಮೇಲೆ ಪ್ಲಾಸ್ಟಿಕ್ ಹಾಸಿ ಊಟ ಬಡಿಸಿದ್ದರು. ಖಾರದ ದನದ ಮಾಂಸದ ಸಾರು, ಬೇಯಿಸಿದ ಹಂದಿಮಾಂಸ, ಅನ್ನ, ಅಕ್ಕಿ ಕೇಕು, ಕಡಲೆಬೀಜ, ಬಿಯರ್.

ನಮ್ಮ ಕಡೆ ಸಾವಿನ ಮನೆಯಲ್ಲಿ ನೀರೂ ಮುಟ್ಟದೆ ಬಂದು ತಲೆಗೆ ಸ್ನಾನ ಮಾಡ್ತೀವಿ. ಇಲ್ಲಿ ಉಣ್ಣದೆ ಎದ್ದರೆ ಸತ್ತವರಿಗೂ ಮನೆಯವರಿಗೂ ಅಗೌರವ. ಜಾಸ್ತಿ ಹೊತ್ತು ಕೂತಷ್ಟೂ ಒಳ್ಳೆಯದು, ಮನೆಯವರು ಒಬ್ಬರೇ ಆಗಬಾರದು ಅಂತ. ಲೋಟಕ್ಕೆ ಲೋಟ ತಾಗಿಸಬಾರದು, ಅಷ್ಟೇ. ನಾನು ಅನ್ನ, ಅಕ್ಕಿ ಕೇಕು, ಕಡಲೆಬೀಜ, ಕಿತ್ತಳೆ ತಿಂದೆ. ಎಲ್ಲರಿಗೂ ಸುರಿದೆ. ಆ ಸಹೋದ್ಯೋಗಿ ಕಪ್ಪು ಸೂಟಿಗೆ ಪಟ್ಟಿ ಕಟ್ಟಿಕೊಂಡು ಮೇಜಿಂದ ಮೇಜಿಗೆ ಬಂದು ಕೂರುತ್ತಿದ್ದರು. ನನ್ನ ಹತ್ತಿರ ಬಂದಾಗ ತಟ್ಟೆ ನೋಡಿ, ಅಡುಗೆಯವರನ್ನು ಕರೆದು "ಇವರಿಗೆ ಸಾರು ಬೇಡ, ಇನ್ನಷ್ಟು ಅಕ್ಕಿ ಕೇಕು ಕೊಡಿ" ಅಂದರು. ಅಪ್ಪ ಸತ್ತ ದಿನ ಅವರಿಗೆ ನಾನು ಏನು ತಿನ್ನಲ್ಲ ಅನ್ನೋದು ನೆನಪಿತ್ತು. ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ, "ಸೂತಕದ ಮನೇಲಿ ಉಂಡ್ಯಾ?" ಅಂತ ಬೈದು, ಸ್ವಲ್ಪ ಹೊತ್ತಾದ ಮೇಲೆ "ಆಯ್ತು ಬಿಡು, ಅವರ ಪದ್ಧತಿ" ಅಂದಳು. ಅದಾದ ಮೇಲೆ ಆ ಸಹೋದ್ಯೋಗಿ ನನ್ನ ಕೋಡ್ ರಿವ್ಯೂ ಎಂದೂ ತಡಮಾಡಿಲ್ಲ. ಲೆಕ್ಕಾಚಾರದ ಮಾತು ಅನಿಸಬಹುದು, ಆದರೆ ನಡೆದದ್ದು ಹಾಗೇ.

ಮನೆಯ ಬದುಕು ಸುಲಭ. ಚಳಿಗಾಲದಲ್ಲಿ ಒಂದೊಲ್, ಅಂದರೆ ನೆಲದಡಿ ಬಿಸಿನೀರು ಹರಿದು ನೆಲವೇ ಬೆಚ್ಚಗಾಗುತ್ತೆ. ಇಡ್ಲಿ ಹಿಟ್ಟಿನ ಪಾತ್ರೆಯನ್ನು ರಾತ್ರಿ ಆ ನೆಲದ ಮೇಲಿಟ್ಟು ಕಂಬಳಿ ಹೊದಿಸಿದರೆ ಬೆಳಿಗ್ಗೆ ಮುಚ್ಚಳ ಎತ್ತಿ ಹಿಟ್ಟು ಹೊರಗೆ ಬಂದಿರುತ್ತೆ. ಬೆಂಗಳೂರಿನ ಬೇಸಿಗೆಯಲ್ಲೂ ಹೀಗೆ ಉಬ್ಬಿದ್ದು ಕಂಡಿಲ್ಲ. ಉದ್ದಿನಬೇಳೆ ಸಿಯೋಲ್‌ನ ಇಥೆವೊನ್ ಮಸೀದಿ ರಸ್ತೆಯ ಅಂಗಡಿಗಳಲ್ಲಿ ಸಿಗುತ್ತೆ, ಹಸಿ ಕರಿಬೇವಿಗೆ ಮಾತ್ರ ಪರದಾಟ. ಹಬ್ಬಕ್ಕೆ ಆಫೀಸಿನಿಂದ ಸ್ಪ್ಯಾಮ್, ಅಂದರೆ ಡಬ್ಬಿಯ ಹಂದಿಮಾಂಸದ ಉಡುಗೊರೆ ಪೆಟ್ಟಿಗೆ ಬರುತ್ತೆ. ಅದನ್ನು ಅಪಾರ್ಟ್‌ಮೆಂಟಿನ ಕಾವಲುಗಾರ ಅಜ್ಜನಿಗೆ ಕೊಡುತ್ತೇನೆ. ಕಸ ಬೇರ್ಪಡಿಸೋದನ್ನು ನನಗೆ ಕಲಿಸಿದ್ದು ಅವರೇ. ಈರುಳ್ಳಿ ಸಿಪ್ಪೆ ಆಹಾರದ ಕಸ ಅಲ್ಲ, ಮಾಮೂಲಿ ಕಸ. ತೆಂಗಿನ ಚಿಪ್ಪು ತೋರಿಸಿದಾಗ ಅವರೂ ಒಂದು ಕ್ಷಣ ತಲೆ ಕೆರೆದುಕೊಂಡರು.

ಭಾನುವಾರಗಳಲ್ಲಿ ಗ್ವಾಂಗ್‌ಗ್ಯೊ ಬೆಟ್ಟ ಹತ್ತುತ್ತೇನೆ. ಗುರುತಿಲ್ಲದವರು ಸೌತೆಕಾಯಿ ಮುರಿದು ಕೈಗಿಡುತ್ತಾರೆ. ಇಂಚಾನ್‌ನಲ್ಲಿ 2014ರ ಏಷ್ಯನ್ ಗೇಮ್ಸ್‌ಗೆ ಕಟ್ಟಿದ ಕ್ರಿಕೆಟ್ ಮೈದಾನ ಇದೆ. ಭಾರತ, ಪಾಕಿಸ್ತಾನ, ಶ್ರೀಲಂಕಾದವರೆಲ್ಲ ಅಲ್ಲಿ ಸೇರುತ್ತಾರೆ. ಕನ್ನಡಿಗರ ಗುಂಪೂ ಇದೆ, ಯುಗಾದಿ, ರಾಜ್ಯೋತ್ಸವಕ್ಕೆ ಒಬ್ಬಟ್ಟು ತಟ್ಟುತ್ತೇವೆ. ವಾರವಿಡೀ ನಮ್ಮವರ ಜೊತೆಯೇ ಇದ್ದವರಿಗೆ ಮಾತ್ರ ಎಷ್ಟು ವರ್ಷ ಕಳೆದರೂ ಭಾಷೆ ಹತ್ತಲಿಲ್ಲ, ಅದನ್ನು ಕಣ್ಣಾರೆ ಕಂಡಿದ್ದೇನೆ.

ಈಗ ಗಾಳಿ ಬದಲಾಗಿದೆ. 2018ರಲ್ಲಿ ವಾರಕ್ಕೆ 52 ಗಂಟೆಯ ಮಿತಿ ಬಂದ ಮೇಲೆ, ಬುಜಾಂಗ್‌ನಿಮ್ ಏಳೋವರೆಗೆ ಸುಮ್ಮನೆ ಕೂರುವ ಪದ್ಧತಿ ನಮ್ಮಲ್ಲಿ ಕರಗಿತು. ಕೊರೊನಾ ಬಂದು ರಾತ್ರಿಯ ಹ್ವೆಶಿಕ್‌ಗೂ ಪೆಟ್ಟು ಕೊಟ್ಟಿತು. ಹೊಸ ಹುಡುಗ ಹುಡುಗಿಯರು "ನನಗೆ ಬೇರೆ ಕೆಲಸ ಇದೆ" ಅಂತ ನೇರವಾಗಿ ಹೇಳಿ ಹೋಗುತ್ತಾರೆ. ಬುಜಾಂಗ್‌ನಿಮ್ ನನ್ನ ಹತ್ತಿರ ಬಂದು, "ಹೊರದೇಶದ ನೀನೇ ಬರ್ತೀಯ, ಇವರು ನೋಡು" ಅಂತ ಗೊಣಗುತ್ತಾರೆ. ನಾನು ಅವರಿಗೂ ಹೂಂ ಅಂತೀನಿ, ಹುಡುಗರಿಗೂ ಹೂಂ ಅಂತೀನಿ.

ಹೋದ ಸಲ ಮಧ್ಯಾಹ್ನವೇ ಹ್ವೆಶಿಕ್ ಅಂತ ಆಯಿತು. ಜಾಗ ಹುಡುಕೋ ಕೆಲಸ ನನಗೇ ಬಿತ್ತು. ದೇವಸ್ಥಾನದ ಅಡುಗೆ ಮಾಡುವ ಹೋಟೆಲಿಗೆ ಎಲ್ಲರನ್ನೂ ಕರೆದುಕೊಂಡು ಹೋದೆ. ಕಮಲದ ಬೇರು, ಅಣಬೆ, ತೋಫು, ಬೆಟ್ಟದ ಸೊಪ್ಪುಗಳು, ಕಮಲದೆಲೆಯಲ್ಲಿ ಸುತ್ತಿ ಬೇಯಿಸಿದ ಅನ್ನ. ಎಲ್ಲರೂ ಹೊಟ್ಟೆ ಹಗುರ ಆಯಿತು, ಮನಸ್ಸಿಗೆ ಹಿತ ಆಯಿತು ಅಂತ ಹೊಗಳಿದರು. ವಾಪಸ್ ಬರುವ ದಾರಿಯಲ್ಲಿ ಬುಜಾಂಗ್‌ನಿಮ್ ಸೇರಿ ನಾಲ್ಕು ಜನ ಮೂಲೆಯ ಅಂಗಡಿಗೆ ನುಗ್ಗಿ ಒಂದೊಂದು ಸಾಸೇಜ್ ತಗೊಂಡರು. ದುಡ್ಡು ನಾನೇ ಕೊಟ್ಟೆ.