ಇ-ರೀಡರೋ, ಅಚ್ಚಿನ ಪುಸ್ತಕವೋ: ಮೊದಲು ಫೈಲ್ ತೆರೆದು ನೋಡಿ

ಇ-ಪುಸ್ತಕ ಓದಲೆಂದೇ ಇರುವ ಯಂತ್ರ, ಅಂದರೆ ಇ-ರೀಡರ್ ಕೊಂಡು ಮೂರೇ ತಿಂಗಳಲ್ಲಿ ಮೂಲೆಗೆ ಸರಿಸುವವರು ಸಾಮಾನ್ಯವಾಗಿ ಮಾಡುವ ತಪ್ಪು ಒಂದೇ. ಬ್ಯಾಟರಿ ಎಷ್ಟು ದಿನ ಬರುತ್ತದೆ, ಎಷ್ಟು ಜಿಬಿ ಎಂದೆಲ್ಲ ವಿಚಾರಿಸಿರುತ್ತಾರೆ. ಅದರಲ್ಲಿ ಓದಬೇಕಾದ ಫೈಲ್ ಯಾವ ಬಗೆಯದು ಎಂದು ಮಾತ್ರ ನೋಡಿರುವುದಿಲ್ಲ.

ಹೆಜ್ಜೆ 1: ಪಟ್ಟಿ

ಮುಂದಿನ ಆರು ತಿಂಗಳಲ್ಲಿ ನಿಜಕ್ಕೂ ಓದಲಿರುವ ಹತ್ತು ಪುಸ್ತಕಗಳನ್ನು ಬರೆದುಕೊಳ್ಳಿ. ನಕ್ಷೆ, ಕೋಷ್ಟಕ, ಬಣ್ಣದ ಚಿತ್ರ ತುಂಬಿರುವವು, ಹಿಂದೆ ಮುಂದೆ ತಿರುವುತ್ತಲೇ ಓದಬೇಕಾದವು ಕಾಗದದಲ್ಲೇ ಇರಲಿ. ಕತೆ, ಕಾದಂಬರಿಯಂತೆ ಮೊದಲಿನಿಂದ ಕೊನೆಯವರೆಗೆ ಸಾಗುವವು ಇ-ರೀಡರ್‌ಗೆ ಹೊಂದುತ್ತವೆ.

ಹೆಜ್ಜೆ 2: ಫೈಲ್ ಪರೀಕ್ಷೆ

ಎಡವುವುದು ಇಲ್ಲೇ. ಇ-ಪುಸ್ತಕಕ್ಕೆಂದೇ ಇರುವ ಇ-ಪಬ್ ಎಂಬ ಬಗೆಯ ಫೈಲಿನಲ್ಲಿ ಅಕ್ಷರ ದೊಡ್ಡದು ಮಾಡಿದರೆ ಸಾಲುಗಳು ಪರದೆಯ ಅಗಲಕ್ಕೆ ತಕ್ಕಂತೆ ಮತ್ತೆ ಮುರಿದುಕೊಳ್ಳುತ್ತವೆ. ಪಿಡಿಎಫ್ ಹಾಗಲ್ಲ, ಅದರ ಪುಟ ಅಚ್ಚು ಹೊಡೆದಂತೆ ಸ್ಥಿರ. ಹಿಗ್ಗಿಸಿದರೆ ಸಾಲಿನ ಕೊನೆ ಪರದೆಯಾಚೆ ಓಡುತ್ತದೆ. ಫೋನಿನಲ್ಲೇ ತೆರೆದು ಒಂದು ಪದದ ಮೇಲೆ ಬೆರಳು ಒತ್ತಿ ಹಿಡಿಯಿರಿ. ಪದ ಆಯ್ಕೆಯಾಗದಿದ್ದರೆ ಬಹುಮಟ್ಟಿಗೆ ಅದು ಸ್ಕ್ಯಾನ್ ಮಾಡಿದ ಚಿತ್ರ; ಅಕ್ಷರವನ್ನಷ್ಟೇ ದೊಡ್ಡದು ಮಾಡಲಾಗದು.

ಈಗ ಅಳತೆ. 6 ಇಂಚಿನ ಪರದೆ ಎಂದರೆ ಮೂಲೆಯಿಂದ ಮೂಲೆಗೆ 6 ಇಂಚು; ಅಗಲ ಸುಮಾರು 9 ಸೆಂ.ಮೀ., ಎತ್ತರ 12 ಸೆಂ.ಮೀ. ಅಷ್ಟೇ. ಎ4 ಪುಟದ ಅಗಲ 21 ಸೆಂ.ಮೀ. ಅದನ್ನು ಇಲ್ಲಿ ತುರುಕಿದರೆ 12 ಪಾಯಿಂಟ್ ಅಕ್ಷರ 5 ಪಾಯಿಂಟಿಗೆ ಇಳಿಯುತ್ತದೆ, ಔಷಧದ ಡಬ್ಬಿಯೊಳಗಿನ ಚೀಟಿಯ ಹಾಗೆ. ನಂಬಿಕೆ ಬಾರದಿದ್ದರೆ ಕಂಪ್ಯೂಟರಿನಲ್ಲಿ ಪಿಡಿಎಫ್ ತೆರೆದು, ಪುಟದ ಅಗಲ 9 ಸೆಂ.ಮೀ. ಆಗುವವರೆಗೆ ಕುಗ್ಗಿಸಿ, ಪರದೆಗೆ ಸ್ಕೇಲ್ ಹಿಡಿದು ನೋಡಿ. ಹತ್ತು ನಿಮಿಷ ಓದಿ. ಕಣ್ಣೇ ಉತ್ತರ ಹೇಳುತ್ತದೆ.

ಉಪಾಯ ಇಲ್ಲವೆಂದಲ್ಲ. ಅಂಚಿನ ಖಾಲಿ ಜಾಗ ಕತ್ತರಿಸಿ, ಪುಟವನ್ನು ಅಡ್ಡಲಾಗಿಸಿ ಓದಿದರೆ ಅಕ್ಷರ ಸುಮಾರು 9 ಪಾಯಿಂಟಿಗೆ ಏರುತ್ತದೆ. ಆದರೆ ಒಂದೊಂದು ಪುಟವನ್ನೂ ಎರಡು ಮೂರು ತುಂಡಾಗಿ ಓದಬೇಕು. ಪಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಿಡಿಎಫ್ ಇದ್ದರೆ 10.3 ಇಂಚಿಗಿಂತ ಚಿಕ್ಕ ಪರದೆ ಕೊಳ್ಳಲೇಬೇಡಿ.

ಪಿಡಿಎಫ್ ಅನ್ನು ಇ-ಪಬ್ ಮಾಡಿಕೊಡುತ್ತೇವೆ ಎನ್ನುವ ಉಚಿತ ತಾಣಗಳನ್ನು ನೆಚ್ಚಬೇಡಿ. ಪುಟಸಂಖ್ಯೆ, ಶಿರೋನಾಮೆ, ಅಡಿಟಿಪ್ಪಣಿ ಎಲ್ಲ ಬಂದು ವಾಕ್ಯದ ನಡುವೆ ಕೂರುತ್ತವೆ. ಯೂನಿಕೋಡ್ (ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೆಯ ಫಾಂಟಿನಲ್ಲಿ ಟೈಪಾದ ಕನ್ನಡವಂತೂ ಅರ್ಥವಿಲ್ಲದ ಅಕ್ಷರಗಳ ರಾಶಿಯಾಗುತ್ತದೆ. ಕನ್ನಡ ಓದುವವರು ಕೊಳ್ಳುವ ಮುನ್ನ ‘ಸ್ವಾತಂತ್ರ್ಯ’, ‘ರಾಷ್ಟ್ರ’ ಎಂಬೆರಡು ಪದಗಳನ್ನು ಆ ಯಂತ್ರದಲ್ಲಿ ತೆರೆದು ನೋಡಿ. ಒತ್ತಕ್ಷರ ಬಿಡಿಬಿಡಿಯಾಗಿ ಕಂಡರೆ ಅಥವಾ ಕೆಳಗಿನ ಸಾಲಿಗೆ ತಾಗಿದರೆ ಬೇರೆಯದನ್ನು ನೋಡಿ.

ಹೆಜ್ಜೆ 3: ಪರದೆ

ಮಾಮೂಲಿ ಟ್ಯಾಬ್ಲೆಟ್‌ಗೂ ‘ಇ-ರೀಡರ್’ ಎಂದು ಹೆಸರಿಟ್ಟು ಮಾರುತ್ತಾರೆ. ನಿಜವಾದ ಇ-ಇಂಕ್ ಪರದೆಯಲ್ಲಿ ಕಪ್ಪು, ಬಿಳಿ ಕಣಗಳು ವಿದ್ಯುತ್ತಿಗೆ ತಕ್ಕಂತೆ ಮೇಲೆ ಕೆಳಗೆ ಸರಿಯುತ್ತವೆ. ಒಮ್ಮೆ ನಿಂತ ಮೇಲೆ ಪುಟವನ್ನು ಹಿಡಿದಿಡಲು ವಿದ್ಯುತ್ ಬೇಡ. ಅಕ್ಷರ ಕಾಣುವುದೂ ಕಾಗದದಂತೆ ಹೊರಗಿನ ಬೆಳಕಿನಿಂದಲೇ. ಹಾಗಾಗಿ ಬಿಸಿಲಿಗೆ ಹಿಡಿದು, ಒಳಗಿನ ದೀಪ ಪೂರ್ತಿ ಆರಿಸಿ: ಅಕ್ಷರ ಇನ್ನೂ ಸ್ಪಷ್ಟವಾಗಿದ್ದರೆ ಸರಿ. ಪಿಪಿಐ, ಅಂದರೆ ಒಂದು ಇಂಚಿನಲ್ಲಿರುವ ಚುಕ್ಕಿಗಳ ಎಣಿಕೆ, 300ಕ್ಕಿಂತ ಕಡಿಮೆ ಬೇಡ. ಬಣ್ಣದ ಇ-ಇಂಕ್‌ಗೆ ಆಸೆಪಡಬೇಡಿ. ಈಗ ಹೆಚ್ಚಾಗಿ ಸಿಗುವ ಬಗೆಯಲ್ಲಿ ಬಣ್ಣ ಮೂಡುವುದು 150 ಪಿಪಿಐನಲ್ಲಿ, ಮೇಲಿನ ಬಣ್ಣ ಸೋಸುವ ಪದರದಿಂದ ಹಿನ್ನೆಲೆಯೂ ಮಸುಕು.

ಹೆಜ್ಜೆ 4: ಯಾರ ಸೊತ್ತು?

ನಕಲು ಮಾಡದಂತೆ ತಂತ್ರಾಂಶದ ಬೀಗ ಹಾಕಿದ ಇ-ಪುಸ್ತಕಕ್ಕೆ ಹಣ ಕೊಟ್ಟಾಗ ಸಿಗುವುದು ಓದುವ ಪರವಾನಗಿ. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕ ಮಳಿಗೆ ಮುಚ್ಚಿದಾಗ ಕೊಂಡವರಿಗೆ ಹಣ ಮರಳಿತು, ಪುಸ್ತಕಗಳು ಹೋದವು. ಮತ್ತೊಬ್ಬರಿಗೆ ಓದಲು ಕೊಡುವಂಥದ್ದು, ಹತ್ತು ವರ್ಷದ ಮೇಲೂ ಬೇಕಾಗುವಂಥದ್ದು ಇದ್ದರೆ ಕಾಗದದ ಪ್ರತಿಯನ್ನೇ ಕೊಳ್ಳಿ.

ಹೆಜ್ಜೆ 5: ಕಾಗದದ ಪ್ರತಿ ಆರಿಸುವುದು

ಬೆನ್ನಿನ ಮೇಲಂಚನ್ನು ನೋಡಿ. ಫಾರಂಗಳ (ಒಟ್ಟಿಗೆ ಮಡಿಸಿದ ಹಾಳೆಗಳ ಕಟ್ಟುಗಳ) ಮಡಿಕೆ ಕಾಣಿಸಿ, ನಡುವಿನ ಹಾಳೆಯಲ್ಲಿ ದಾರ ಸಿಕ್ಕರೆ ಅದು ಹೊಲಿಗೆ ಬೈಂಡಿಂಗ್. ಪೂರ್ತಿ ಬಿಚ್ಚಿ ಮೇಜಿನ ಮೇಲಿಡಬಹುದು. ಬರೀ ಅಂಟಿನದಾದರೆ ಬಲವಂತವಾಗಿ ಅಗಲಿಸಿದಾಗ ಅಂಟು ಬಿರಿದು ಹಾಳೆ ಕಳಚುತ್ತದೆ. ಸುದ್ದಿಪತ್ರಿಕೆಯಂಥ ಒರಟು ಕಾಗದದಲ್ಲಿ ಮರದಲ್ಲಿರುವ ಲಿಗ್ನಿನ್ ಎಂಬ ಅಂಶ ಉಳಿದಿರುವುದರಿಂದ ಬೆಳಕಿಗೆ ಬೇಗ ಹಳದಿಯಾಗುತ್ತದೆ. ಒಮ್ಮೆ ಓದಿ ಮುಗಿಸುವ ಪುಸ್ತಕಕ್ಕೆ ಅದೇ ಸಾಕು.

ಇ-ರೀಡರ್ ಎಂದೇ ತೀರ್ಮಾನಿಸಿದಿರಾದರೆ ಗಟ್ಟಿ ಹೊದಿಕೆಯನ್ನೂ ಅದೇ ದಿನ ಕೊಳ್ಳಿ. ಪರದೆಯ ಹಿಂದಿರುವುದು ಬಹುಪಾಲು ಮಾದರಿಗಳಲ್ಲಿ ತೆಳು ಗಾಜು. ಕೈಜಾರಿ ಬಿದ್ದರಷ್ಟೇ ಅಲ್ಲ, ಚೀಲದೊಳಗೆ ನೀರಿನ ಬಾಟಲಿ ಒತ್ತಿದರೂ ಅದು ಬಿರಿಯುತ್ತದೆ. ಆಮೇಲೆ ಆ ಜಾಗದಲ್ಲಿ ಅರ್ಧ ಪುಟ ಅಲುಗಾಡದೆ ನಿಂತುಬಿಡುತ್ತದೆ.